ಉಪ್ಪುಮೂಟೆ

ಬೆಚ್ಚಗಿದೆ ಟ್ಯೂಬು, ಕೈಗವಸಿನ ತೆಳ್ಳನೆಯ ರಬ್ಬರಿನಾಚೆಯಿಂದಲೂ ಬೆಚ್ಚಗೆ ತಾಗುತ್ತಿದೆ, ಅಂದರೆ ತೋಳಿನಿಂದ ಹೊರಗೆ ಬಂದು ಐದು ನಿಮಿಷ ಆಗಿರಬೇಕು ಅಷ್ಟೆ, ಕೆಳಗೆ ರಕ್ತ ತೆಗೆಯುವ ಕೋಣೆಯಿಂದ ಟ್ರೇ ಈಗ ತಾನೇ ಮೇಲೆ ಬಂತು, ಇಪ್ಪತ್ತಮೂರು ಟ್ಯೂಬು, ಎಲ್ಲಕ್ಕೂ ಅದೇ ಹಳದಿ ಮುಚ್ಚಳ, ಎಲ್ಲದರ ಸೊಂಟಕ್ಕೂ ಅದೇ ಕಪ್ಪು ಗೆರೆಗಳ ಚೀಟಿ, ವಯಸ್ಸು, ಗಂಡೋ ಹೆಣ್ಣೋ, ಆರಂಕಿಯ ನಂಬರು, ಹೆಸರಿಲ್ಲ, ಹೆಸರಿಲ್ಲದಿರುವುದೇ ಈ ಲ್ಯಾಬಿನ ನೆಮ್ಮದಿ ಎಂದು ಅವನು ಇಪ್ಪತ್ತೆರಡು ವರ್ಷದಿಂದ ಹೊಸಬರಿಗೆಲ್ಲ ಹೇಳುತ್ತ ಬಂದಿದ್ದಾನೆ, ಇಲ್ಲಿ ಯಾರೂ ಯಾರ ಮಗಳೂ ಅಲ್ಲ, ಯಾರ ಅಪ್ಪನೂ ಅಲ್ಲ, ಬರೀ ರಕ್ತ — ಮತ್ತು ಈಗ ಹೆಬ್ಬೆರಳಿನ ಕೆಳಗೆ ಹತ್ತೊಂಬತ್ತು, ಹೆಣ್ಣು, ನಾಲ್ಕು ಸೊನ್ನೆ ಏಳು ಏಳು ಒಂದು ಮೂರು, ಅವನು ಓದಲಿಲ್ಲ, ಕಣ್ಣು ತಾನಾಗಿ ಓದಿಬಿಟ್ಟಿತು, ನೂರು ಬೀಗದಕೈಗಳ ನಡುವೆ ತನ್ನ ಮನೆಯದನ್ನು ಬೆರಳು ಗುರುತಿಸುವ ಹಾಗೆ. ಮೂಟೆಯ ನಂಬರು, ಅವನ ಮಗಳದು. ಮಗಳು ಕೆಳಗಿದ್ದಾಳೆ, ಇದೇ ಕಟ್ಟಡದಲ್ಲಿ, ಎರಡು ಅಂತಸ್ತು ಕೆಳಗೆ, ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದಾಳೆ, ಆದರೆ ಅವಳು ಬರಬೇಕಾದದ್ದು ಇವತ್ತಲ್ಲ, ಮೂರು ತಿಂಗಳಿಗೊಮ್ಮೆಯ ತಪಾಸಣೆ ಇರುವುದು ಬರುವ ಬುಧವಾರ, ಕಾಲೇಜಿಗೆ ಹೋಗ್ತೀನಿ ಅಂತ ಚೀಲ ಹೆಗಲಿಗೇರಿಸಿದವಳು ಹೇಳದೆ ಕೇಳದೆ ಇಲ್ಲಿಗೆ ಯಾಕೆ ಬಂದಳು, ಯಾರು ಕಳಿಸಿದರು, ದಾರಿಯಲ್ಲಿ ಏನಾಯಿತು. ಅವನು ಈ ಟ್ಯೂಬನ್ನು ಮುಟ್ಟಲೇಬಾರದು, ಮಾತು ಕೊಟ್ಟಿದ್ದಾನೆ, ಎರಡು ತಿಂಗಳ ಹಿಂದೆ ಊಟಕ್ಕೆ ಕೂತಾಗ ಅವಳು ಊಟಕ್ಕೆ ಮುಂಚಿನ ಮಾತ್ರೆಗಳನ್ನು ಒಂದೊಂದಾಗಿ ನುಂಗುತ್ತ, ಅಪ್ಪ, ಒಂದು ಕೇಳ್ತೀನಿ, ಇಲ್ಲ ಅನ್ಬಾರ್ದು, ಇನ್ಮೇಲೆ ನನ್ನ ರಿಪೋರ್ಟನ್ನ ನೀನು ಮೊದ್ಲು ನೋಡ್ಬೇಡ, ನನಗೇನಾಗಿದೆ ಅಂತ ನಿನ್ನ ಮುಖ ನೋಡಿ ತಿಳ್ಕೊಂಡೂ ತಿಳ್ಕೊಂಡೂ ಸಾಕಾಗಿದೆ ಅಂದಳು, ಅವನು ನಕ್ಕ, ನನ್ನ ಮುಖದಲ್ಲೇನಿದೆಯೇ ಅಂದ, ಅದಕ್ಕೆ ಹೆಂಡತಿ ತಟ್ಟೆಯಿಂದ ತಲೆಯೆತ್ತದೆ, ನಿಮ್ಮ ಮುಖಕ್ಕೆ ಬಾಗಿಲೂ ಇಲ್ಲ ಪರದೆಯೂ ಇಲ್ಲ ಕಣ್ರೀ, ಬೀದೀಲಿ ಹೋಗೋರೂ ಒಳಗಿರೋದನ್ನೆಲ್ಲ ನೋಡ್ಕೊಂಡು ಹೋಗ್ಬಹುದು ಅಂದಳು, ಪರದೆ ಹೊಲಿಯುವವಳಲ್ಲವೇ, ಅಂಗಡಿಯ ಮಾತೇ ಬಾಯಿಗೆ ಬರುತ್ತದೆ, ಮೂವರೂ ನಕ್ಕರು, ಮೂಟೆಯ ನಗು ಅರ್ಧದಲ್ಲಿ ಕೆಮ್ಮಾಯಿತು, ಕೆಮ್ಮು ಮುಗಿಯುವವರೆಗೆ ಅವರಿಬ್ಬರೂ ನೀರಿನ ಲೋಟಗಳನ್ನೇ ನೋಡುತ್ತ ಕೂತಿದ್ದರು, ಆಯ್ತು, ಮಾತು ಕೊಟ್ಟೆ ಅಂದ ಅವನು. ಹಾಗಾದರೆ ಈಗ ಟ್ಯೂಬನ್ನು ಯಾರ ಕೈಗೆ ಕೊಡುವುದು, ಈ ಬೆಂಚಿನಲ್ಲಿರುವವರೇ ಇಬ್ಬರು, ಇನ್ನೊಬ್ಬಳು ಎಡಚಿ, ಎಡಗೈಯಲ್ಲೇ ಎಲ್ಲವನ್ನೂ ಮಾಡುತ್ತ ಬಲಗೈಯವರಿಗಿಂತ ಚುರುಕಾಗಿರುವ ಕಿರಿಯ ಟೆಕ್ನೀಷಿಯನ್ ಹುಡುಗಿ, ಉಗ್ರಾಣದಿಂದ ರಾಸಾಯನಿಕದ ಪೆಟ್ಟಿಗೆ ತರ್ತೀನಿ ಸರ್, ಹತ್ತೇ ನಿಮಿಷ ಅಂತ ಹೋದವಳು ಇನ್ನೂ ಬಂದಿಲ್ಲ.

ಹೆಪ್ಪುಗಟ್ಟಲು ಇಪ್ಪತ್ತು ನಿಮಿಷ, ಅಷ್ಟರಲ್ಲಿ ಅವಳು ಬರುತ್ತಾಳೆ, ಬಂದೇ ಬರುತ್ತಾಳೆ, ಅವನು ಟ್ಯೂಬನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿದ, ಚೀಟಿಯನ್ನು ಗೋಡೆಯ ಕಡೆಗೆ ತಿರುಗಿಸಿದ, ತಿರುಗಿಸಿದರೇನು, ಇಪ್ಪತ್ತಮೂರರಲ್ಲಿ ಗೋಡೆ ನೋಡುತ್ತಿರುವುದು ಅದೊಂದೇ, ಇನ್ನೂ ಎದ್ದು ಕಾಣುತ್ತಿದೆ. ಮೊಟ್ಟಮೊದಲು ಹೀಗೆ ಅವಳದೇ ಮೈಯಿಂದ ಬಂದದ್ದನ್ನು ಕೈಯಲ್ಲಿ ಹಿಡಿದು ಕಾದದ್ದು ರಕ್ತವಲ್ಲ, ಬೆವರು, ಐದು ತಿಂಗಳ ಮಗುವಿನ ತೋಳಿಗೆ ಔಷಧಿ ಸವರಿ ಬೆವರು ಬರಿಸಿ ಕಾಗದದ ಚೂರಿನಲ್ಲಿ ಹೀರಿಸಿಕೊಂಡದ್ದು, ಅಷ್ಟು ಪುಟ್ಟ ತೋಳು, ಅವನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದಕ್ಕೂ ಮುಂಚೆ ಅವನ ಅಮ್ಮ ಮೊಮ್ಮಗಳ ಕೆನ್ನೆಗೆ ಮುತ್ತಿಟ್ಟು ತುಟಿ ಚಪ್ಪರಿಸಿ, ಇದೇನೋ ಮಗೂ ಇಷ್ಟೊಂದು ಉಪ್ಪುಪ್ಪು, ಸಮುದ್ರದಿಂದ ಎತ್ಕೊಂಡು ಬಂದ್ಯೇನೋ ಅಂದಿದ್ದಳು, ಮನೆಯೆಲ್ಲ ನಕ್ಕಿತ್ತು, ಅವನೂ ನಕ್ಕಿದ್ದ, ಓದಿದವನು, ಪುಸ್ತಕದಲ್ಲಿ ಆ ಸಾಲನ್ನು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಓದಿದವನು, ಮುತ್ತಿಟ್ಟರೆ ಉಪ್ಪು ತಾಗುವ ಮಕ್ಕಳು, ಸಿಸ್ಟಿಕ್ ಫೈಬ್ರೋಸಿಸ್, ಮೈಯಲ್ಲಿ ಉಪ್ಪೂ ನೀರೂ ಸರಿಯಾಗಿ ಹಾಯದೆ ಎದೆಯ ಕಫವೆಲ್ಲ ಅಂಟುಗಟ್ಟಿ ನಿಲ್ಲುವ ಕಾಯಿಲೆ, ಓದಿದ್ದ, ಪರೀಕ್ಷೆಯಲ್ಲಿ ಬರೆದಿದ್ದ, ಅಂಕವೂ ಬಂದಿತ್ತು, ಆದರೂ ಎರಡು ತಿಂಗಳು ನಗುತ್ತಲೇ ಇದ್ದ. ಆಮೇಲೆ ಮಗು ತೂಕ ಏರದಾಗ, ಕೆಮ್ಮು ಬಿಡದಾಗ, ಬೆವರಿನ ಪರೀಕ್ಷೆ ಮಾಡಿಸಿ ಅಂದರು ಡಾಕ್ಟರು, ಮಾಡುವವನು ಅವನೇ, ಆಗ ಆ ಪರೀಕ್ಷೆ ಕೈಯಲ್ಲಿ ಮಾಡಲು ಬರುತ್ತಿದ್ದದ್ದು ಅವನೊಬ್ಬನಿಗೇ, ಅರವತ್ತು ದಾಟಿದರೆ ಕಾಯಿಲೆ, ಬಂದದ್ದು ನೂರ ನಾಲ್ಕು, ಗಾಜಿನ ಸಾಮಾನನ್ನೆಲ್ಲ ತೊಳೆದು ಮತ್ತೆ ಮಾಡಿದ, ನೂರ ಆರು. ಅಪ್ಪನಿಂದ ಅರ್ಧ ಅಮ್ಮನಿಂದ ಅರ್ಧ ಬರುವ ಕಾಯಿಲೆ, ಇಬ್ಬರ ಮೈಯಲ್ಲೂ ಸದ್ದಿಲ್ಲದೆ ಅಡಗಿದ್ದದ್ದು ಅವಳ ಮೈಗೆ ಬಂದು ಜೋಡಿಯಾಗಿತ್ತು. ಆ ಕಾಗದವನ್ನು ಎರಡು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ, ಏನಿಲ್ಲ ಏನಿಲ್ಲ ಅಂದ, ಮೂರನೆಯ ದಿನ ಹೆಂಡತಿ ಮಗುವನ್ನು ತೊಟ್ಟಿಲಿಗೆ ಹಾಕಿ ಬಂದು ಎದುರು ನಿಂತು, ಜೇಬಲ್ಲಿರೋದನ್ನ ಕೊಡಿ ಅಂದಳು, ಜೇಬು ಅವಳಿಗೆ ಹೇಗೆ ಗೊತ್ತಾಯಿತೆಂದು ಅವನು ಇವತ್ತಿಗೂ ಕೇಳಿಲ್ಲ. ಮತ್ತೆ ಮಗು ನಡೆಯಲು ಕಲಿತು, ನಡೆದು ಸುಸ್ತಾಗಿ, ಅವನ ಬೆನ್ನೇರಿ ಕುತ್ತಿಗೆಗೆ ಕೈ ಕಟ್ಟಿಕೊಂಡು, ಉಪ್ಪುಮೂಟೆ ಉಪ್ಪುಮೂಟೆ ಎಂದು ಬೀದಿಯುದ್ದಕ್ಕೂ ಕೂಗುತ್ತಿದ್ದಾಗ, ಇದು ನಿಜವಾಗಿ ಉಪ್ಪಿನದೇ ಮೂಟೆ ಎಂದು ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದು, ಅಂದಿನಿಂದ ಅವಳು ಮೂಟೆ, ಹತ್ತೊಂಬತ್ತು ವರ್ಷವಾದರೂ ಮೂವತ್ತೊಂಬತ್ತು ಕಿಲೋ ದಾಟದ ಮೂಟೆ. ಇಪ್ಪತ್ತು ನಿಮಿಷ ಆಯಿತು. ಟ್ಯೂಬಿನಲ್ಲಿ ರಕ್ತ ಗಟ್ಟಿಯಾಗಿದೆ, ಓರೆ ಮಾಡಿದರೆ ಜಾರುವುದಿಲ್ಲ. ಎಡಚಿ ಬರಲಿಲ್ಲ.

ಬಂದಳು, ಬಾಗಿಲು ತಳ್ಳಿಕೊಂಡು, ಆದರೆ ಬರುತ್ತಲೇ ಪೆಟ್ಟಿಗೆ ಇಳಿಸಿ, ಸರ್, ಮೇಲಿನವ್ರು ಕರೀತಿದಾರೆ, ಫ್ರಿಜ್ಜಿನ ತಾಪದ ಲೆಕ್ಕ ಕೇಳ್ತಿದಾರೆ, ಕೊಟ್ಟು ಬಂದ್ಬಿಡ್ತೀನಿ ಅಂದಳು, ಅವನು ಬಾಯಿ ತೆರೆದ, ನನ್ನ ಮಗಳ ಟ್ಯೂಬಿದೆ ಯಂತ್ರದಲ್ಲಿ ನೀನು ಓಡಿಸು ಅನ್ನಲು ತೆರೆದ, ಹೋಗಿ ಬಾ ಅಂದ, ಯಾಕೆ ಹಾಗಂದ, ಹೇಳಿದರೆ ಅದು ನಿಜವಾಗಿಬಿಡುತ್ತದೆ ಅಂತಲೋ, ಅಥವಾ — ಒಪ್ಪಿಕೋ ಮಾರಾಯ — ನೋಡಬೇಕಾಗಿತ್ತು, ಮಾತು ಕೊಟ್ಟಾಗಲೇ ಮುರಿಯುತ್ತೇನೆಂದು ಗೊತ್ತಿತ್ತು. ರಕ್ತವನ್ನು ಗಿರ್ರನೆ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜಿನಲ್ಲಿ ಟ್ಯೂಬಿಗೆ ಎದುರು ಇನ್ನೊಂದು ಟ್ಯೂಬು ಇಡಬೇಕು, ತೂಕ ಸರಿಹೋಗಬೇಕು, ಎಪ್ಪತ್ತೊಂದು ವರ್ಷದ ಯಾರೋ ಗಂಡಸಿನ ರಕ್ತ ಅವಳ ಎದುರಿಗೆ, ಮುಚ್ಚಳ, ಗುಂಡಿ, ಗುಂಯ್ ಎಂದು ಏರುವ ಸದ್ದು, ಹತ್ತು ನಿಮಿಷ. ಕೈ ಖಾಲಿಯಾದರೆ ಹೆದರಿಕೆಗೆ ಜಾಗ ಸಿಗುತ್ತದೆ, ಅವನು ಒರೆಸಿದ ಬೆಂಚನ್ನೇ ಮತ್ತೆ ಒರೆಸಿದ. ಇಪ್ಪತ್ತಮೂರರಲ್ಲಿ ಅವಳದಕ್ಕೆ ಬರೆದಿರುವ ಪರೀಕ್ಷೆ ಒಂದೇ, ಸಿಆರ್‌ಪಿ, ಉರಿಯೂತದ ಅಳತೆ, ಆರೋಗ್ಯವಂತರಿಗೆ ಐದರೊಳಗೆ, ಅವಳ ಅಷ್ಟೂ ವರ್ಷದ ಅಂಕಿಗಳು ಅವನಿಗೆ ಬಾಯಿಪಾಠ, ಆರು, ಹನ್ನೊಂದು, ಒಂಬತ್ತು, ಹತ್ತೊಂಬತ್ತು, ಹದಿನಾರನೆಯ ವಯಸ್ಸಿನಲ್ಲಿ ಎಂಬತ್ತೆರಡು, ಆಗ ಎರಡು ವಾರ ಆಸ್ಪತ್ರೆ, ಕೈಗೆ ಸೂಜಿ, ಇಳಿದರೂ ಮತ್ತೆ ಯಾವತ್ತೂ ಇಪ್ಪತ್ತರ ಕೆಳಗೆ ಇಳಿಯಲಿಲ್ಲ, ಕಳೆದ ಸಲ ಮೂವತ್ತೆಂಟು. ಹದಿಮೂರು ವಯಸ್ಸಿನವರೆಗೆ ಇಷ್ಟಿರಲಿಲ್ಲ, ಹದಿಮೂರರಲ್ಲಿ ಪಕ್ಕದ ಕೋಣೆಯ ತಟ್ಟೆ ಮೇಷ್ಟ್ರು ಬಾಗಿಲ ಸಂದಿಯಿಂದ ಬೆರಳಾಡಿಸಿ ಕರೆದರು, ಗಾಜಿನ ತಟ್ಟೆಗಳಲ್ಲಿ ಕ್ರಿಮಿ ಬೆಳೆಸಿ ಹೆಸರು ಹಿಡಿಯುವವರು, ಅದಕ್ಕೇ ತಟ್ಟೆ ಮೇಷ್ಟ್ರು, ಎಲ್ಲದಕ್ಕೂ ತಮಾಷೆ ಮಾಡುವವರು ಅವತ್ತು ಮಾಡಲಿಲ್ಲ, ತಟ್ಟೆಯ ಮುಚ್ಚಳ ಎತ್ತಿದರು, ಅವಳ ಕಫದಿಂದ ಬೆಳೆದದ್ದು, ಹಸಿರು ಹೊಳಪು, ಹಣ್ಣಾಗಿ ಮೆತ್ತಗಾದ ದ್ರಾಕ್ಷಿಯ ವಾಸನೆ, ಸ್ಯೂಡೊಮೊನಾಸ್ ಕಣಯ್ಯ, ಒಂದ್ಸಲ ಒಳಗೆ ಬಂದು ಕೂತ್ರೆ ಏಳೋ ಪೈಕಿ ಅಲ್ಲ ಇದು ಅಂದರು, ಅವನು ಅವತ್ತಿನಿಂದ ದ್ರಾಕ್ಷಿ ಬಾಯಿಗಿಟ್ಟಿಲ್ಲ, ಹಣ್ಣಿನಂಗಡಿಯ ಮುಂದೆ ಉಸಿರು ಬಿಗಿಹಿಡಿದು ದಾಟುತ್ತಾನೆ. ಕ್ರಿಮಿ ಎಷ್ಟು ಕೆಡಿಸುತ್ತೋ ಅದಕ್ಕಿಂತ ಹೆಚ್ಚು ಕೆಡಿಸೋದು ನಮ್ಮದೇ ಬಿಳಿ ರಕ್ತಕಣ ಅಂದಿದ್ದರು ಎದೆಯ ಡಾಕ್ಟರಮ್ಮ, ಮೇಜಿನ ಮೇಲೆ ಎರಡೂ ಕೈ ಊರಿ, ಅದನ್ನ ಓಡಿಸ್ತೀವಿ ಅಂತ ಗುಂಪುಗುಂಪಾಗಿ ಬರ್ತಾವೆ, ಓಡಿಸೋಕಾಗಲ್ಲ, ವಾಪಸ್ಸೂ ಹೋಗಲ್ಲ, ಅಲ್ಲೇ ಸತ್ತು ಒಡೆದು, ಒಳಗಿರೋ ರಸ ಚೆಲ್ಲಿ ಶ್ವಾಸನಾಳದ ಗೋಡೆನೇ ಕರಗುತ್ತೆ, ನೀವು ಲ್ಯಾಬಲ್ಲಿ ತೆಗೆಯೋ ಈ ನಂಬರಿದೆಯಲ್ಲ, ಅದು ಒಳಗಡೆ ನಡೀತಿರೋ ಜಗಳದ ಸದ್ದು, ಅಷ್ಟೆ, ಸದ್ದು ಜಾಸ್ತಿಯಾದ್ರೆ ತಡ ಮಾಡ್ಬೇಡಿ. ತಡ ಮಾಡಿದ್ದಾನೆಯೇ. ಇವತ್ತು ಬೆಳಿಗ್ಗೆ ದಿನದ ಹಾಗೆ ಅವಳನ್ನು ಬೋರಲು ಮಲಗಿಸಿ, ಅಂಗೈಯನ್ನು ಬೊಗಸೆ ಮಾಡಿ, ಕಫ ಬಿಡಲೆಂದು ಬೆನ್ನು ತಟ್ಟುವಾಗ ಕೈಗೆ ಬಿಸಿ ತಾಗಿತು, ಏನೇ ಬೆನ್ನು ಸುಡ್ತಿದೆ ಅಂದ, ಈಗ ತಾನೇ ಬಿಸಿನೀರಲ್ಲಿ ಸ್ನಾನ ಮಾಡ್ದೆ ಅಪ್ಪ ಅಂದಳು, ಆಮೇಲೆ ಕೈ ಒರೆಸಲು ಹೋದರೆ ಬಚ್ಚಲ ಬಾಗಿಲ ಹಿಂದಿನ ಟವೆಲು ಒಣಗಿತ್ತು, ಒಣಗಿದ ಟವೆಲಿನಲ್ಲಿ ಕೈ ಒರೆಸಿ ಒಣಗಿದೆ ಎಂದು ಯೋಚಿಸದೆ ಆಚೆ ಬಂದ. ಆಮೇಲೆ ಇನ್ನೊಂದು, ಅವಳು ಕಸದ ಡಬ್ಬಿ ಹೊರಗಿಟ್ಟು ಬರಲು ಕೆಳಗೆ ಹೋಗಿದ್ದಳು, ಅವನು ಲೋಟ ಹಿಡಿದು ಕಿಟಕಿಯಲ್ಲಿ ನಿಂತಿದ್ದ, ವಾಪಸು ಬರುವಾಗ ಹೊರಗಿನ ಮೆಟ್ಟಿಲಲ್ಲಿ, ನಾಲ್ಕನೆಯ ಮೆಟ್ಟಿಲಲ್ಲಿ, ನಿಂತು ಬಗ್ಗಿದಳು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡ, ತುಂಬ ಹೊತ್ತು ಸರಿಮಾಡಿಕೊಂಡಳು, ಒಂದು ಕೈ ಕಟಕಟೆಯ ಮೇಲೆ, ತಲೆ ಕೆಳಗೆ, ಜಡೆ ಮುಂದಕ್ಕೆ ಜೋತುಬಿದ್ದು, ಹೊಸ ಚಪ್ಪಲಿ ಕೊಡಿಸಬೇಕು ಅಂದುಕೊಂಡು ಅವನು ಲೋಟ ಖಾಲಿ ಮಾಡಿದ.

ಗುಂಯ್ ಇಳಿಯುತ್ತಿದೆ, ನಿಂತಿತು. ಮೇಲೆ ತಿಳಿಹಳದಿ ಸೀರಮ್ಮು, ಕೆಳಗೆ ಕೆಂಪು, ಶುದ್ಧವಾಗಿ ಬೇರೆಯಾಗಿದೆ, ಬಣ್ಣ ಬಿಟ್ಟಿಲ್ಲ, ಹಾಳಾಗಿಲ್ಲ, ಹಾಳಾಗಿದ್ದರೆ ಚೆನ್ನಾಗಿತ್ತು, ಹಾಳಾಗಿದ್ದರೆ ಮತ್ತೆ ರಕ್ತ ಕೊಡಿ ಅಂತ ಕಳಿಸಬಹುದಿತ್ತು, ಇನ್ನೊಂದು ಗಂಟೆ ಸಿಗುತ್ತಿತ್ತು, ಒಂದು ಗಂಟೆಯಲ್ಲಿ ಏನು ಮಾಡುತ್ತಿದ್ದ, ಏನೂ ಇಲ್ಲ, ಗಂಟೆ ಗಂಟೆಯಾಗಿ ಉಳಿಯುತ್ತಿತ್ತು. ಯಂತ್ರದ ಚಕ್ರದಲ್ಲಿ ಅವಳದು ಹದಿನಾಲ್ಕನೆಯ ಗುಳಿ, ಸೂಜಿ ಇಳಿಯುತ್ತದೆ, ಹೀರುತ್ತದೆ, ತೊಳೆದುಕೊಳ್ಳುತ್ತದೆ, ಮುಂದಿನದಕ್ಕೆ ಹೋಗುತ್ತದೆ, ಒಂಬತ್ತು ನಿಮಿಷ, ಅವನು ಪರದೆಗೆ ಬೆನ್ನು ಮಾಡಿ ನಿಂತ, ನೋಡುವುದಿಲ್ಲ, ಎಡಚಿ ಬಂದು ಎಲ್ಲವನ್ನೂ ಒಟ್ಟಿಗೆ ಒಪ್ಪಿ ಕಳಿಸಲಿ, ಮೂಟೆ ಡಾಕ್ಟರಮ್ಮನ ಬಾಯಿಂದಲೇ ಕೇಳಲಿ, ಸಂಜೆ ಮನೆಗೆ ಹೋದಾಗ ಅವನಿಗೆ ಅವಳೇ ಹೇಳಲಿ, ಅವನು ಹೌದಾ ಅನ್ನುತ್ತಾನೆ, ಹೌದಾ ಅನ್ನುವುದನ್ನು ಮನಸ್ಸಿನಲ್ಲೇ ಒಂದೆರಡು ಸಲ ಹೇಳಿ ನೋಡಿದ, ಹೌದಾ, ಹೌದಾ, ಎಷ್ಟಂತೆ. ಯಂತ್ರ ಕೂಗಿತು. ಸುಮ್ಮನೆ ಮುಗಿದರೆ ಒಂದು ಸಲ ಕೂಗುತ್ತದೆ, ಈಗ ಮೂರು ಸಲ, ಮೂರು ಸಲ ಎಂದರೆ ಯಾವುದೋ ಒಂದು ಅದರ ಅಳತೆ ಮೀರಿದೆ, ಮನುಷ್ಯರ ಕೈ ಬೇಕು, ಯಾವುದು, ಎಪ್ಪತ್ತೊಂದರ ಗಂಡಸಿರಬೇಕು, ಪಾಪ ವಯಸ್ಸಾದವರು, ಅವರದೇ ಆಗಿರಲಿ, ಛೇ ಎಂಥ ಮಾತು, ಆದರೂ ಅವರದೇ ಆಗಿರಲಿ ದೇವರೇ — ಹದಿನಾಲ್ಕು. ಇನ್ನೂರಕ್ಕಿಂತ ಹೆಚ್ಚು. ಎಷ್ಟು ಹೆಚ್ಚೆಂದು ಈ ಹಳೆಯ ಯಂತ್ರಕ್ಕೆ ಹೇಳಲು ಬರುವುದಿಲ್ಲ, ಸೀರಮ್ಮಿಗೆ ಉಪ್ಪುನೀರು ಬೆರೆಸಿ ತೆಳು ಮಾಡಿ ಮತ್ತೆ ಓಡಿಸಬೇಕು, ಕೆಂಪು ಅಕ್ಷರದಲ್ಲಿ ಇನ್ನೂರರ ಮುಂದೆ ಒಂದು ಗುರುತು, ಅಷ್ಟೆ, ತೆರೆದ ಬಾಯಿಯ ಹಾಗೆ. ತಪ್ಪಿರಬೇಕು, ಗುಳಿ ಅದಲುಬದಲಾಗಿರಬೇಕು, ಇಲ್ಲ, ಸೂಜಿಯಲ್ಲಿ ಹಿಂದಿನವರದು ಉಳಿದಿರಬೇಕು, ಹದಿಮೂರನೆಯದು ನಾಲ್ಕು, ಉಳಿಯಲು ಏನಿದೆ, ಯಂತ್ರ ಸರಿಯಿದೆಯೇ ಎಂದು ಬೆಳಿಗ್ಗೆ ಓಡಿಸುವ ಕಂಟ್ರೋಲೂ ಸರಿ ಬಂದಿದೆ, ಅವನೇ ಸಹಿ ಹಾಕಿದ್ದಾನೆ. ಎಡಚಿ ಯಾವಾಗಲೋ ಬಂದು ಹಿಂದೆ ನಿಂತಿದ್ದಳು, ಪರದೆ ನೋಡಿದಳು, ನಂಬರು ನೋಡಿದಳು, ಅವಳಿಗೂ ಆ ನಂಬರು ಗೊತ್ತು, ಎಲ್ಲರಿಗೂ ಗೊತ್ತು, ಸರ್, ಪಿಪೆಟ್ ಕೊಡಿ ಇಲ್ಲಿ, ನಾನು ಮಾಡ್ತೀನಿ ಅಂದಳು, ಅವನು ಕೊಡಲಿಲ್ಲ, ಆಮೇಲೆ ಕೊಟ್ಟ, ಅವಳ ಎಡಗೈ ಒಂದು ಪಾಲು ಸೀರಮ್ಮು ನಾಲ್ಕು ಪಾಲು ಉಪ್ಪುನೀರು ಎಣಿಸುವುದನ್ನು ನೋಡುತ್ತ ನಿಂತ, ಮತ್ತೆ ಒಂಬತ್ತು ನಿಮಿಷ, ಈ ಒಂಬತ್ತರಲ್ಲಿ ಅವನಿಗೆ ಏನೂ ನೆನಪಾಗಲಿಲ್ಲ, ನಾಲ್ಕನೆಯ ಮೆಟ್ಟಿಲು, ಜೋತುಬಿದ್ದ ಜಡೆ, ಕಟಕಟೆಯ ಮೇಲಿನ ಕೈ, ಅಷ್ಟು ಬಿಟ್ಟರೆ ಏನೂ ಇಲ್ಲ, ಬಗ್ಗಿದವಳು ಮೇಲೇಳುತ್ತಲೇ ಇಲ್ಲ. ಇನ್ನೂರ ಮೂವತ್ತಾರು ಸರ್ ಅಂದಳು ಎಡಚಿ, ಮೆಲ್ಲಗೆ.

ಇಷ್ಟು ದೊಡ್ಡ ಅಂಕಿ ಕಾಗದವಾಗಿ ಕೆಳಗಿಳಿಯಲು ಕಾಯಬಾರದು, ಓಡಿಸಿದವರು ಕೂಡಲೇ ಫೋನು ಮಾಡಬೇಕು, ಕೇಳಿದವರು ಅದನ್ನೇ ತಿರುಗಿ ಹೇಳಬೇಕು, ನಿಯಮ ಬರೆದು ಫೋನಿನ ಮೇಲೆ ಗೋಡೆಗೆ ಅಂಟಿಸಿದವನು ಅವನೇ, ಅಕ್ಷರ ಅವನದೇ, ನಾನು ಮಾಡ್ತೀನಿ ಸರ್ ಅಂದಳು ಅವಳು, ಬೇಡ ಅಂದ. ಎತ್ತಿದವರು ಯಾರೋ ಹೊಸ ಡಾಕ್ಟರು, ಎಳೆಯ ದನಿ, ಅವನನ್ನು ಕಂಡು ಗೊತ್ತಿಲ್ಲದವರು, ಅವನು ಆರಂಕಿ ಹೇಳಿದ, ಹತ್ತೊಂಬತ್ತು ಹೆಣ್ಣು ಅಂದ, ಸಿಆರ್‌ಪಿ ಇನ್ನೂರ ಮೂವತ್ತಾರು, ಎರಡು ಸಲ ಓಡಿಸಿದೆ ಅಂದ, ಇನ್ನೂರ ಮೂವತ್ತಾರು ಎಂದು ಅವರು ತಿರುಗಿ ಹೇಳಿದರು, ಬರೆದುಕೊಳ್ಳುವ ಸದ್ದು, ಅಯ್ಯೋ ಈ ಹುಡುಗಿ ಒಬ್ಬಳೇ ಬಂದಿದಾಳಲ್ಲ, ಮನೆಯವ್ರಿಗೆ ಫೋನ್ ಮಾಡ್ಬೇಡಿ ಅಂತಿದಾಳೆ, ಸರಿ, ಯಾರು ಮಾತಾಡ್ತಿರೋದು. ಲ್ಯಾಬು ಅಂದ ಅವನು. ಫೋನಿಟ್ಟ ಮೇಲೆ ಮುಖ ತೊಳೆಯಲು ಹೋದ, ಕೈತೊಟ್ಟಿಯ ಮೇಲಿನ ಕನ್ನಡಿಯಲ್ಲಿ ಐವತ್ತರ ಗಂಡಸೊಬ್ಬ ಒದ್ದೆ ಮುಖ ಹೊತ್ತು ನಿಂತಿದ್ದ, ಹುಬ್ಬು ಸಡಿಲಿಸಿ ನೋಡಿದ, ತುಟಿಯನ್ನು ಸ್ವಲ್ಪ ಎಳೆದು ನೋಡಿದ, ಎಳೆದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು, ಮಾಸ್ಕು ಹಾಕಿಕೊಂಡ, ಕಣ್ಣು ಉಳಿಯಿತು, ಕಣ್ಣಿಗೆ ಏನು ಹಾಕುವುದು. ಹೆಂಡತಿಗೆ ಹೇಳಬೇಕು, ಈಗ ಹೊಲಿಗೆ ಯಂತ್ರದ ಸದ್ದಿನಲ್ಲಿ ಫೋನು ಕೇಳಿಸುವುದಿಲ್ಲ, ಕೇಳಿಸದಿರುವುದೇ ಒಳ್ಳೆಯದು, ಮೊದಲು ಮೂಟೆಯನ್ನು ನೋಡಬೇಕು. ಇಳಿದ, ಒಂದು ಅಂತಸ್ತು, ಎರಡು, ಉದ್ದ ಓಣಿ, ಗೋಡೆಗೆ ಬೆನ್ನಾದ ಕುರ್ಚಿಗಳು, ಕೊನೆಯಿಂದ ಎರಡನೆಯದರಲ್ಲಿ ಅವಳು, ಮಡಿಲಲ್ಲಿ ಚೀಲ, ತೋಳು ಮಡಿಸಿಕೊಂಡು, ಅವನ ಹೆಜ್ಜೆಯ ಸದ್ದಿಗೇ ತಲೆಯೆತ್ತಿದಳು. ಮಾಸ್ಕ್ ತೆಗಿಯಪ್ಪ, ಅದ್ರಲ್ಲಿ ಇನ್ನೂ ಜಾಸ್ತಿ ಕಾಣುತ್ತೆ ಅಂದಳು. ಅವನು ತೆಗೆಯಲಿಲ್ಲ, ಪಕ್ಕದಲ್ಲಿ ಕೂತ, ಕೂತರೆ ಎದುರುಬದುರು ಆಗುವುದಿಲ್ಲ. ನೂರು ದಾಟಿದೆ ಅಲ್ವಾ ಅಂದಳು. ನಾನು ನೋಡ್ಬಾರ್ದು ಅಂದಿದ್ದೆಯಲ್ಲ ಅಂದ. ಸರಿ, ಹೇಳ್ಬೇಡ, ನನಗೆ ಗೊತ್ತು, ಅಂತ ಗೋಡೆ ನೋಡುತ್ತ ಅಂದಳು, ಒಂಬತ್ತು ದಿನ ಆಯ್ತು ಅಪ್ಪ ಜ್ವರ ಶುರುವಾಗಿ, ಬೆಳಿಗ್ಗೆ ನೀನು ಬೆನ್ನು ತಟ್ಟೋಕೆ ಬರೋಕೆ ಮುಂಚೆ ಜ್ವರದ ಮಾತ್ರೆ ತಗೊಂಡ್ಬಿಡ್ತಿದ್ದೆ, ಬೆನ್ನು ತಣ್ಣಗಿರ್ಲಿ ಅಂತ, ಇವತ್ತು ಮಾತ್ರೆ ಮುಗಿದುಹೋಗಿತ್ತು, ಅದಕ್ಕೇ ಇಲ್ಲಿಗೆ ಬಂದೆ. ಯಾಕೆ ಅಂದ ಅವನು. ಯಾಕೆ ಅಂದ್ರೆ, ಅಂದು ಅವಳು ಕೆಮ್ಮಿದಳು, ಮುಗಿಯಲಿ ಎಂದು ಅವನು ಕಾದ, ಮುಗಿದ ಮೇಲೆ ಕರವಸ್ತ್ರವನ್ನು ಅವನಿಗೆ ಕಾಣದ ಹಾಗೆ ಮಡಿಸಿದಳು, ಯಾಕೆ ಅಂದ್ರೆ ಜ್ವರ ಬಂದ್ರೆ ಮಲಗಿದ್ರೆ ಹೋಗುತ್ತೆ, ನಿನ್ನ ಮುಖ ನೋಡಿದ್ರೆ ನನಗೆ ನಿಜವಾಗ್ಲೂ ಸಾಯ್ತೀನೇನೋ ಅನ್ಸುತ್ತೆ, ಇನ್ನೆರಡು ದಿನ ಹಾಗೇ ಕಳೀಲಿ ಅಂತ, ಆಮೇಲೆ ಇನ್ನೆರಡು ದಿನ. ಒಂಬತ್ತು ದಿನ. ಒಂಬತ್ತು ದಿನ ಒಳಗೆ ಬಿಳಿಯ ಕಣಗಳು ಗುಂಪುಗುಂಪಾಗಿ ಬಂದು ಸತ್ತು ಗೋಡೆ ಕರಗುತ್ತಿರುವಾಗ ಮೇಲೆ ಅವನು ಬೊಗಸೆ ಕೈಯಲ್ಲಿ ತಟ್ಟುತ್ತಿದ್ದ, ತಣ್ಣಗಿದೆ, ಪರವಾಗಿಲ್ಲ, ಎಂದು ತಟ್ಟುತ್ತಿದ್ದ, ಅವಳನ್ನು ಹೆದರಿಸಿ ಸುಮ್ಮನಾಗಿಸಿದ್ದು ಕ್ರಿಮಿಯಲ್ಲ, ಅವನ ಹುಬ್ಬು, ಅವನ ಕಣ್ಣು, ಹತ್ತೊಂಬತ್ತು ವರ್ಷ ಅವಳ ಮೇಲೆ ಕಾವಲಿಟ್ಟ ಈ ಮುಖ. ತಲೆ ತಗ್ಗಿಸಿದ, ಅವಳಿಗೆ ಕಾಣಬಾರದೆಂದು ತಗ್ಗಿಸಿದ, ನೆಲ ಕಂಡಿತು, ನೆಲದ ಮೇಲೆ ಅವಳ ಪಾದಗಳು, ಬೆಳಿಗ್ಗೆ ಹಾಕಿಕೊಂಡಿದ್ದವೇ, ಕಂದು ಚಪ್ಪಲಿ, ಕಾಲು ತೂರಿಸಿಕೊಂಡು ಹೋಗುವಂಥವು, ಪಟ್ಟಿ ಇಲ್ಲ. ಬಕ್ಕಲ್ಲೂ ಇಲ್ಲ. ಬಿಗಿ ಮಾಡಲು ಸಡಿಲ ಮಾಡಲು ಅವುಗಳಲ್ಲಿ ಏನೂ ಇಲ್ಲ. ನಾಲ್ಕನೆಯ ಮೆಟ್ಟಿಲಲ್ಲಿ ಬಗ್ಗಿ ಅಷ್ಟು ಹೊತ್ತು ಅವಳು ಸರಿಮಾಡುತ್ತಿದ್ದದ್ದು ಉಸಿರನ್ನು.

ನರ್ಸು ಬಂದು ಮೇಲಿನ ವಾರ್ಡಲ್ಲಿ ಹಾಸಿಗೆ ಸಿಕ್ಕಿದೆ, ಎರಡು ವಾರ ಅಂದ್ಕೊಳ್ಳಿ, ಜಾಸ್ತೀನೂ ಆಗ್ಬಹುದು, ಗಾಲಿಕುರ್ಚಿ ತರಿಸ್ತೀನಿ ಕೂತಿರಿ ಅಂದರು, ಬೇಡ ಸಿಸ್ಟರ್, ಒಂದೇ ಅಂತಸ್ತಲ್ವಾ, ನಡೀತೀನಿ ಅಂದಳು ಮೂಟೆ, ಬೇಡ ಕಣೇ ಅಂತ ಅವನ ನಾಲಿಗೆಯ ತುದಿಗೆ ಬಂತು, ಅಂದರೆ ಮುಖ ಬರುತ್ತದೆ ಅದರ ಜೊತೆಗೆ, ನುಂಗಿದ. ಲಿಫ್ಟಿನ ಮುಂದೆ ಹಾಸಿಗೆ ಸಮೇತ ಯಾರನ್ನೋ ಹಿಡಿದು ನಿಂತಿದ್ದಾರೆ, ಬಾಗಿಲು ಮುಚ್ಚುತ್ತಿಲ್ಲ, ಸರಿ, ಮೆಟ್ಟಿಲು, ಅವಳ ಚೀಲ ಅವನ ಹೆಗಲಿಗೆ, ಇಪ್ಪತ್ತೆರಡು ಮೆಟ್ಟಿಲು, ದಿನಾ ಹತ್ತುವವನಿಗೆ ಲೆಕ್ಕ ಗೊತ್ತು, ನಡುವೆ ಒಂದು ತಿರುವು, ತಿರುವಿಗೆ ಹನ್ನೊಂದು. ಒಂದು. ಅಮ್ಮನಿಗೆ ನೀನೇ ಹೇಳು ಅಂದಳು. ಹೇಳ್ತೀನಿ. ಎರಡು. ಬೈತಾಳೆ. ಬೈದ್ರೆ ನನ್ನ ಬೈತಾಳೆ, ನಿನ್ನಲ್ಲ ಅಂದ. ಮೂರು, ಅವಳು ನಗಲು ಹೋದಳು, ನಗುವಿನ ಜಾಗಕ್ಕೆ ಸಣ್ಣ ಸಿಳ್ಳೆಯ ಸದ್ದು ಬಂತು ಎದೆಯಿಂದ, ನಾಲ್ಕು, ನಿಂತಳು, ಕೈ ಕಟಕಟೆಯನ್ನು ಹಿಡಿಯಿತು, ತುದಿ ಉಬ್ಬಿದ ಬೆರಳುಗಳು, ಉಗುರಿನ ಬುಡದಲ್ಲಿ ನೀಲಿ, ಮತ್ತು ಅವಳು ಬಗ್ಗಲು ತೊಡಗಿದಳು, ಈಗಲೂ, ಇಷ್ಟೆಲ್ಲ ಹೇಳಿ ಆದ ಮೇಲೂ, ಅಭ್ಯಾಸಕ್ಕೆ ಬಗ್ಗುತ್ತಿದ್ದಾಳೆ, ಅವನಿಗಾಗಿ ಬಗ್ಗುತ್ತಿದ್ದಾಳೆ — ತಡಿ ತಡಿ, ನನ್ನ ಶೂ ಲೇಸು ಬಿಚ್ಚಿದೆ ಅಂದ ಅವನು, ಅವಳಿಗಿಂತ ಮೊದಲೇ ಮೊಣಕಾಲೂರಿದ, ಒಂದು ಮೆಟ್ಟಿಲು ಕೆಳಗೆ, ನೀನು ಸುಮ್ಮನೆ ನಿಂತಿರು ಒಂದು ನಿಮಿಷ. ಲೇಸು ಬಿಚ್ಚಿರಲಿಲ್ಲ, ಬೆಳಿಗ್ಗೆ ಹಾಕಿದ ಎರಡೆಳೆ ಗಂಟು ಹಾಗೇ ಇತ್ತು, ಬಿಚ್ಚಿದ, ಕಟ್ಟಿದ, ಮೇಲೆ ಅವಳ ಉಸಿರು ಒಳಗೆ ಹೋಗಲು ಹೆಣಗುತ್ತಿತ್ತು, ಚೂರು ಹೋಗಿ ನಿಂತು, ಮತ್ತೆ ಚೂರು, ಇನ್ನೊಂದು ಕಾಲಿನದೂ ಬಿಚ್ಚಿದೆ ನೋಡು ಅಂದ, ಅದನ್ನೂ ಬಿಚ್ಚಿದ, ಎಣಿಸಬಾರದು ಎಂದುಕೊಂಡರೂ ಎಣಿಸುತ್ತಿದ್ದಾನೆ, ಹದಿನೇಳು, ಹದಿನೆಂಟು, ಇಷ್ಟು ಬೇಗ ಬೇಗ ಬರಬಾರದು ಉಸಿರು, ಅಪ್ಪ ಆಯ್ತಾ ಎಂದು ಕೇಳಿದಳು, ಮಾತಿನ ನಡುವೆ ಎರಡು ಸಲ ಉಸಿರೆಳೆದುಕೊಂಡು, ಇನ್ನೇನು ಆಯ್ತು ಅಂದ, ಏಳಬೇಕು, ಏಳಬೇಕಾದರೆ ತಲೆ ಎತ್ತಬೇಕು, ಎತ್ತಿದರೆ ಅವಳು ಓದುತ್ತಾಳೆ, ಇನ್ನು ಹದಿನೆಂಟು ಮೆಟ್ಟಿಲಿದೆ, ಬೆರಳುಗಳು ಗಂಟು ಹಾಕುವುದನ್ನು ಮರೆತು ಲೇಸನ್ನು ಸುಮ್ಮನೆ ಹಿಡಿದುಕೊಂಡಿವೆ, ಕಣ್ಣಿನ ಮುಂದೆ, ಒಂದು ಗೇಣು ದೂರದಲ್ಲಿ, ಮೆಟ್ಟಿಲ ಅಂಚಿಗೆ ಜೋಡಿಸಿಟ್ಟ ಹಾಗೆ ಅವಳ ಎರಡು ಪಾದ, ಬಿಳಿಚಿದ ಹಿಮ್ಮಡಿ, ಸವೆದ ಕಂದು ಚಪ್ಪಲಿ, ಪಟ್ಟಿ ಇಲ್ಲ, ಪಟ್ಟಿ ಇಲ್ಲ ಅವಕ್ಕೆ, ಪಟ್ಟಿ ಇಲ್ಲ